ಚಲನೆಯಿಂದ ದೂರವನ್ನು ಅಳೆಯುವುದು: ರೋಹಿಣಿಯ ನೆರೆಯ ನಕ್ಷತ್ರಗುಚ್ಛ
(ಪ್ರೌಢಶಾಲಾ ಅಧ್ಯಾಪಕರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ನಕ್ಷತ್ರಗಳು ಎಷ್ಟು ದೂರದಲ್ಲಿವೆ ಎಂಬ ಪ್ರಶ್ನೆಗೆ ನಮ್ಮ ಪಾಠಗಳಲ್ಲಿ ಉತ್ತರವಿರುತ್ತದೆ. ಆ ಉತ್ತರ ದೊರೆತ ಬಗೆಗೆ ಮಾತ್ರ ಸಾಮಾನ್ಯವಾಗಿ ಎಡೆಯಿರುವುದಿಲ್ಲ. ‘ಇಂತಿಷ್ಟು ಜ್ಯೋತಿರ್ವರ್ಷ’ ಎಂದು ಬರೆದುಕೊಳ್ಳುವ ವಿದ್ಯಾರ್ಥಿ ಆ ಸಂಖ್ಯೆಯನ್ನು ಕೇವಲ ನಂಬಿಕೆಯಿಂದ ಸ್ವೀಕರಿಸುತ್ತಾನೆ. ವಿಜ್ಞಾನದ ತರಗತಿಯಲ್ಲಿ ಹೀಗೆ ನಂಬಿ ಒಪ್ಪಬೇಕಾದ ಸಂಖ್ಯೆಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಆದುದರಿಂದ ಇಂದು ಒಂದೇ ಒಂದು ಸಂಖ್ಯೆಯನ್ನು ಎತ್ತಿಕೊಂಡು ಅದರ ಮೂಲದವರೆಗೆ ಹೋಗೋಣ. ವೃಷಭ ರಾಶಿಯಲ್ಲಿ ಹೈಯಡೀಸ್ ಎಂಬ ಒಂದು ನಕ್ಷತ್ರಗುಚ್ಛವಿದೆ. ಅದರ ದೂರ ಸುಮಾರು 150 ಜ್ಯೋತಿರ್ವರ್ಷ. ಈ ದೂರವನ್ನು ಹತ್ತನೆಯ ತರಗತಿಯ ತ್ರಿಕೋನಮಿತಿಯ ಬಲದಿಂದ, ಕಪ್ಪುಹಲಗೆಯ ಮೇಲೆ, ನಡುವಿನ ಯಾವ ಹೆಜ್ಜೆಯನ್ನೂ ಬಿಡದೆ ಕಂಡುಹಿಡಿಯಬಹುದು. ಇಪ್ಪತ್ತನೆಯ ಶತಮಾನದ ಬಹುಕಾಲ ವಿಶ್ವದ ಅಳತೆಯು ಬಹುಮಟ್ಟಿಗೆ ಈ ಸಂಖ್ಯೆಯನ್ನೇ ಆಧರಿಸಿ ನಿಂತಿತ್ತು ಎಂಬುದರಿಂದ ಇದರ ಮಹತ್ತ್ವ ಇನ್ನೂ ಹೆಚ್ಚುತ್ತದೆ.

ಗುಚ್ಛ ಎಂದರೇನು, ಅದು ಎಲ್ಲಿದೆ

ಮೊದಲು ಎರಡು ಪದಗಳನ್ನು ಬೇರ್ಪಡಿಸಿಕೊಳ್ಳೋಣ. ನಕ್ಷತ್ರಪುಂಜವೆಂಬುದು ನಮ್ಮ ಕಣ್ಣು ಕಟ್ಟಿಕೊಂಡ ಆಕೃತಿ. ಅದರ ನಕ್ಷತ್ರಗಳು ಪರಸ್ಪರ ಸಂಬಂಧವಿಲ್ಲದೆ ಬೇರೆ ಬೇರೆ ದೂರಗಳಲ್ಲಿರಬಹುದು. ನಕ್ಷತ್ರಗುಚ್ಛವಾದರೋ ಒಂದೇ ಅನಿಲದ ಮೋಡದಿಂದ ಒಟ್ಟಿಗೆ ಹುಟ್ಟಿ, ಪರಸ್ಪರ ಗುರುತ್ವಾಕರ್ಷಣೆಯಿಂದ ಒಟ್ಟಿಗೆ ಉಳಿದು, ಒಟ್ಟಿಗೆ ಸಾಗುತ್ತಿರುವ ನಕ್ಷತ್ರಗಳ ಕುಟುಂಬ. ಒಟ್ಟಿಗೆ ಸಾಗುವ ಈ ಗುಣವೇ ನಮ್ಮ ಅಳತೆಗೆ ಆಧಾರ.

ರೋಹಿಣಿ, ಮೃಗಶಿರ, ಆರಿದ್ರಾ ಎಂಬ ಹೆಸರುಗಳನ್ನು ನಮ್ಮ ಮಕ್ಕಳು ಮಳೆಯ ಹೆಸರುಗಳಾಗಿ ಕೇಳಿರುತ್ತಾರೆ. ಆಯಾ ಮಳೆಯ ದಿನಗಳಲ್ಲಿ ಸೂರ್ಯನು ಆಯಾ ನಕ್ಷತ್ರದ ಬಳಿ ಇರುವುದರಿಂದ ಆಗ ಆ ನಕ್ಷತ್ರ ಕಾಣಿಸದು. ಅದನ್ನು ನೋಡಲು ಜನವರಿಯ ರಾತ್ರಿ ತಕ್ಕ ಸಮಯ. ಜನವರಿಯ ನಡುಭಾಗದಲ್ಲಿ ರಾತ್ರಿ ಎಂಟು, ಒಂಬತ್ತು ಗಂಟೆಯ ಹೊತ್ತಿಗೆ ತಾಳವಾಡಿಯಿಂದ ಸೊಲ್ಲಾಪುರದವರೆಗೆ ಎಲ್ಲಿ ನಿಂತು ನೋಡಿದರೂ ಕೆಂಪುಛಾಯೆಯ ರೋಹಿಣಿ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಅದರೊಂದಿಗೆ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ ಕೆಲವು ಮಂದ ನಕ್ಷತ್ರಗಳಿವೆ. ಪ್ರಾಚೀನರು ಈ ಆಕೃತಿಯನ್ನು ಬಂಡಿಗೆ ಹೋಲಿಸಿ ರೋಹಿಣೀ ಶಕಟವೆಂದರು. ಆ ಮಂದ ನಕ್ಷತ್ರಗಳೇ ಹೈಯಡೀಸ್ ಗುಚ್ಛದ ಪ್ರಮುಖ ಸದಸ್ಯರು. ಶಾಲೆಯ ಹೊರಗೆ ಮಕ್ಕಳು ಆಡುವ ಭಾಷೆ ತಮಿಳಾಗಲಿ, ಮಲಯಾಳವಾಗಲಿ, ಮರಾಠಿಯಾಗಲಿ, ತೆಲುಗಾಗಲಿ, ರೋಹಿಣಿಯ ಹೆಸರು ಎಲ್ಲರಿಗೂ ಪರಿಚಿತ. ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು.

ಇಲ್ಲೊಂದು ಎಚ್ಚರಿಕೆ ಬೇಕು. ರೋಹಿಣಿ ನಕ್ಷತ್ರವು ಈ ಗುಚ್ಛಕ್ಕೆ ಸೇರಿದುದಲ್ಲ. ಅದು ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ; ಗುಚ್ಛ ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹಿಂದೆ ಇದೆ. ಕಣ್ಣಿಗೆ ಒಂದೆಡೆ ಕಾಣುವವುಗಳಲ್ಲಿ ಯಾವುದು ಮನೆಯವರು, ಯಾವುದು ದಾರಿಹೋಕರು ಎಂಬುದನ್ನು ಹೇಳುವುದು ಕೂಡ ಚಲನೆಯೇ.

ಎರಡು ಬಗೆಯ ಚಲನೆ

ನಕ್ಷತ್ರಗಳು ಸ್ಥಿರವೆಂಬ ಭಾವನೆ ಬಹುಕಾಲ ಇತ್ತು. 1718ರಲ್ಲಿ ಎಡ್ಮಂಡ್ ಹ್ಯಾಲಿ ತನ್ನ ಕಾಲದ ಅಳತೆಗಳನ್ನು ಪ್ರಾಚೀನ ಗ್ರೀಕರ ನಕ್ಷತ್ರಪಟ್ಟಿಯೊಡನೆ ಹೋಲಿಸಿ, ಲುಬ್ಧಕ, ಸ್ವಾತಿ ಮೊದಲಾದವು ಸ್ಥಳ ಬದಲಿಸಿರುವುದನ್ನು ತೋರಿಸಿದ. ಸ್ವಾತಿ ನಕ್ಷತ್ರವು ಹದಿನೆಂಟು ಶತಮಾನಗಳಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚು ಸರಿದಿತ್ತು. ಆಕಾಶದ ಮೇಲೆ ನಕ್ಷತ್ರವು ವರ್ಷಕ್ಕೆ ಎಷ್ಟು ಕೋನದಷ್ಟು ಸರಿಯುತ್ತದೆ ಎಂಬುದನ್ನು ಅದರ ಸ್ವಚಲನೆ ಎನ್ನೋಣ. ಡಿಗ್ರಿಯ ಅರವತ್ತನೆಯ ಒಂದು ಭಾಗ ಕಲೆ. ಕಲೆಯ ಅರವತ್ತನೆಯ ಒಂದು ಭಾಗ ವಿಕಲೆ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು ಸುಮಾರು 5 ಕಿಲೋಮೀಟರ್ ದೂರದಿಂದ ನೋಡಿದರೆ ಅದು ಒಂದು ವಿಕಲೆಯಷ್ಟು ಕಾಣುತ್ತದೆ. ಹೈಯಡೀಸ್ ನಕ್ಷತ್ರಗಳ ಸ್ವಚಲನೆ ವರ್ಷಕ್ಕೆ ಸುಮಾರು 0.11 ವಿಕಲೆ ಮಾತ್ರ. ಹುಣ್ಣಿಮೆಯ ಚಂದ್ರನ ಅಗಲದಷ್ಟು ಸರಿಯಲು ಅವಕ್ಕೆ ಹದಿನಾರು ಸಾವಿರ ವರ್ಷ ಬೇಕು. ಆದರೂ ಎಚ್ಚರದಿಂದ ಮಾಡಿದ ಎರಡು ಅಳತೆಗಳ ನಡುವೆ ನೂರು ವರ್ಷಗಳ ಅಂತರವಿದ್ದರೆ ಸರಿತ 11 ವಿಕಲೆಯಾಗುತ್ತದೆ, ಅದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಹಳೆಯ ವೀಕ್ಷಕರ ದಾಖಲೆಗಳಿಗೆ ಬೆಲೆ ಬಂದುದು ಹೀಗೆ.

ಸ್ವಚಲನೆಯು ನಮ್ಮ ದೃಷ್ಟಿಗೆ ಅಡ್ಡಲಾದ ಚಲನೆಯನ್ನು ಮಾತ್ರ ಹೇಳುತ್ತದೆ, ಅದೂ ಕೋನದ ಲೆಕ್ಕದಲ್ಲಿ. ಎರಡನೆಯ ಬಗೆಯ ಚಲನೆ ನಮ್ಮ ಕಡೆಗೆ ಬರುವುದು ಅಥವಾ ನಮ್ಮಿಂದ ದೂರ ಸರಿಯುವುದು. ಇದನ್ನು ದೃಷ್ಟಿರೇಖಾ ವೇಗ ಎನ್ನೋಣ. ಇದು ನಕ್ಷತ್ರದ ರೋಹಿತದಿಂದ ತಿಳಿಯುತ್ತದೆ. ದೂರ ಸರಿಯುವ ನಕ್ಷತ್ರದ ರೋಹಿತರೇಖೆಗಳು ಡಾಪ್ಲರ್ ಪರಿಣಾಮದಿಂದ ಕೆಂಪಿನ ಕಡೆಗೆ ಜರುಗುತ್ತವೆ. ಹೈಯಡೀಸ್ ನಕ್ಷತ್ರಗಳು ಸೆಕೆಂಡಿಗೆ ಸುಮಾರು 39 ಕಿಲೋಮೀಟರ್ ವೇಗದಲ್ಲಿ ನಮ್ಮಿಂದ ದೂರ ಹೋಗುತ್ತಿವೆ. ಅದರಿಂದ 500 ನ್ಯಾನೋಮೀಟರ್ ತರಂಗದೂರದ ರೇಖೆ ಕೇವಲ 0.065 ನ್ಯಾನೋಮೀಟರ್ ಜರುಗುತ್ತದೆ. ಇಷ್ಟು ಸಣ್ಣ ಜರುಗುವಿಕೆಯನ್ನು ನಂಬಲರ್ಹವಾಗಿ ಅಳೆಯಲು ಸಾಧ್ಯವಾದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೋಹಿತವನ್ನು ಛಾಯಾಚಿತ್ರದಲ್ಲಿ ಹಿಡಿಯತೊಡಗಿದ ಮೇಲೆ.

ಈ ಎರಡು ಅಳತೆಗಳ ವ್ಯತ್ಯಾಸವನ್ನು ಮಕ್ಕಳಿಗೆ ಮನಗಾಣಿಸಬೇಕು. ದೃಷ್ಟಿರೇಖಾ ವೇಗ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂದು ನೇರವಾಗಿ ಸಿಗುತ್ತದೆ. ನಕ್ಷತ್ರ ಎಷ್ಟು ದೂರದಲ್ಲಿದೆ ಎಂಬುದು ಅದಕ್ಕೆ ಬೇಕಿಲ್ಲ. ಸ್ವಚಲನೆಯಾದರೋ ಕೋನ ಮಾತ್ರ; ದೂರ ತಿಳಿಯದೆ ಅದನ್ನು ಕಿಲೋಮೀಟರಿಗೆ ಪರಿವರ್ತಿಸಲಾಗದು. ದೂರದ ಹೆದ್ದಾರಿಯ ಬಸ್ಸು ನಿಧಾನವಾಗಿ ಸರಿಯುವಂತೆ ಕಾಣುತ್ತದೆ. ಆ ಬಸ್ಸಿನ ನಿಜವಾದ ವೇಗ ಬೇರೆ ದಾರಿಯಿಂದ ತಿಳಿದರೆ, ಅದು ಸರಿಯುವಂತೆ ಕಾಣುವ ನಿಧಾನಗತಿಯಿಂದ ಅದರ ದೂರವನ್ನು ಲೆಕ್ಕಹಾಕಬಹುದು. ನಕ್ಷತ್ರದ ಅಡ್ಡವೇಗವೂ ಹಾಗೆ ಬೇರೆ ದಾರಿಯಿಂದ ತಿಳಿಯಬೇಕು. ಆ ದಾರಿಯನ್ನು ತೋರಿಸುವುದು ಗುಚ್ಛದ ಸಾಮೂಹಿಕ ಚಲನೆ.

ಸಂಗಮಬಿಂದು

ಅಮೆರಿಕದ ಆಲ್ಬನಿಯಲ್ಲಿದ್ದ ಡಡ್ಲಿ ವೀಕ್ಷಣಾಲಯದ ಲೂಯಿಸ್ ಬಾಸ್ ಎಂಬ ಖಗೋಳಜ್ಞ ಹಿಂದಿನ ತಲೆಮಾರುಗಳ ವೀಕ್ಷಣೆಗಳನ್ನು ಒಟ್ಟುಗೂಡಿಸಿ ಸಾವಿರಾರು ನಕ್ಷತ್ರಗಳ ಸ್ವಚಲನೆಯನ್ನು ಲೆಕ್ಕಹಾಕಿದವನು. ವೃಷಭ ರಾಶಿಯ ಸುಮಾರು 40 ನಕ್ಷತ್ರಗಳ ಸ್ವಚಲನೆಯನ್ನು ನಕ್ಷೆಯ ಮೇಲೆ ಬಾಣಗಳಾಗಿ ಬರೆದಾಗ ಅವೆಲ್ಲ ಒಂದೇ ಬಿಂದುವಿನ ಕಡೆಗೆ ಮುಖಮಾಡಿರುವುದು ಕಂಡಿತು. 1908ರಲ್ಲಿ ಅವನು ಇದನ್ನು ಪ್ರಕಟಿಸಿದ. ಬಾಣಗಳು ಪೂರ್ವಕ್ಕೆ, ತುಸು ದಕ್ಷಿಣಕ್ಕೆ ವಾಲಿ, ಮೃಗಶಿರವನ್ನು ಹಾದು, ಆರ್ದ್ರಾ ನಕ್ಷತ್ರದಿಂದ ಸುಮಾರು 9 ಡಿಗ್ರಿ ಪೂರ್ವಕ್ಕಿರುವ ಒಂದು ಬಿಂದುವಿನಲ್ಲಿ ಕೂಡುತ್ತವೆ. ಅದನ್ನು ಸಂಗಮಬಿಂದು ಎಂದು ಕರೆಯೋಣ. ರೋಹಿಣಿಯ ಬಾಣ ಮಾತ್ರ ಈ ಸಾಲಿಗೆ ಸೇರದೆ ಬಹುಮಟ್ಟಿಗೆ ದಕ್ಷಿಣಕ್ಕೇ ಮುಖಮಾಡಿದೆ. ದಾರಿಹೋಕ ಯಾರೆಂಬುದು ಇಲ್ಲಿ ಬಯಲಾಗುತ್ತದೆ.

ಈ ನಕ್ಷತ್ರಗಳೆಲ್ಲ ಮುಂದೊಂದು ದಿನ ಆ ಬಿಂದುವಿನಲ್ಲಿ ಸೇರಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆಯೇ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಇಲ್ಲ, ಅಲ್ಲಿ ಏನೂ ಇಲ್ಲ. ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವುದು ಹಳಿಗಳು ಸಮಾಂತರವಾಗಿರುವುದರಿಂದಲೇ. ಸಂಜೆ ನಮ್ಮ ತಲೆಯ ಮೇಲಿಂದ ಹಾದು ಬೆಟ್ಟದ ಕಡೆಗೆ ಹಾರುವ ಬೆಳ್ಳಕ್ಕಿಗಳ ಹಿಂಡು ದೂರ ಹೋದಂತೆ ಕಿರಿದಾಗುತ್ತ ಒಂದು ಬಿಂದುವಿನಲ್ಲಿ ಮಾಯವಾಗುವುದೂ ಅದೇ ಕಾರಣದಿಂದ. ಗುಚ್ಛದ ನಕ್ಷತ್ರಗಳು ಸಮಾಂತರವಾಗಿ, ಸಮಾನ ವೇಗದಲ್ಲಿ, ನಮ್ಮಿಂದ ದೂರ ಸಾಗುತ್ತಿವೆ ಎಂಬುದಕ್ಕೆ ಸಂಗಮಬಿಂದು ಸಾಕ್ಷಿ.

ಸಮಾಂತರ ರೇಖೆಗಳ ಈ ಗುಣದಲ್ಲಿ ಇಡೀ ವಿಧಾನದ ಜೀವಾಳ ಅಡಗಿದೆ. ನಮ್ಮ ಕಣ್ಣಿನಿಂದ ಸಂಗಮಬಿಂದುವಿನ ಕಡೆಗೆ ಒಂದು ರೇಖೆ ಎಳೆದರೆ ಅದು ಗುಚ್ಛದ ಚಲನೆಯ ದಿಕ್ಕಿಗೆ ಸಮಾಂತರವಾಗಿರುತ್ತದೆ. ಇನ್ನೊಂದು ರೇಖೆಯನ್ನು ಕಣ್ಣಿನಿಂದ ನಕ್ಷತ್ರಕ್ಕೆ ಎಳೆದು ಅದನ್ನು ಆಚೆಗೂ ಮುಂದುವರಿಸಿ. ಎರಡು ಸಮಾಂತರ ರೇಖೆಗಳನ್ನು ಛೇದಕವೊಂದು ಕತ್ತರಿಸಿದಾಗ ಅನುರೂಪ ಕೋನಗಳು ಸಮವೆಂಬುದು ಮಕ್ಕಳಿಗೆ ಗೊತ್ತು. ಆದುದರಿಂದ ಆಕಾಶದಲ್ಲಿ ನಕ್ಷತ್ರಕ್ಕೂ ಸಂಗಮಬಿಂದುವಿಗೂ ನಡುವೆ ಕಾಣುವ ಕೋನವೂ, ಅಲ್ಲಿ ದೂರದಲ್ಲಿ ನಕ್ಷತ್ರದ ವೇಗಕ್ಕೂ ನಮ್ಮ ದೃಷ್ಟಿರೇಖೆಗೂ ನಡುವಿನ ಕೋನವೂ ಒಂದೇ. ಅಲ್ಲಿಗೆ ಹೋಗಿ ಅಳೆಯಲಾಗದ ಕೋನವನ್ನು ಇಲ್ಲಿಯೇ ಕುಳಿತು ಅಳೆದಂತಾಯಿತು.

ಲೆಕ್ಕ

ಇನ್ನು ಉಳಿದುದು ಒಂದು ಲಂಬಕೋನ ತ್ರಿಭುಜ. ನಕ್ಷತ್ರದ ಪೂರ್ಣವೇಗ ಅದರ ಕರ್ಣ. ದೃಷ್ಟಿರೇಖಾ ವೇಗ ಕೋನಕ್ಕೆ ಹೊಂದಿದ ಬಾಹು. ಅಡ್ಡವೇಗ ಕೋನದ ಎದುರಿನ ಬಾಹು. ಆದುದರಿಂದ:

ಅಡ್ಡವೇಗ = ದೃಷ್ಟಿರೇಖಾ ವೇಗ × ಟ್ಯಾನ್ (ಕೋನ)

ಅಡ್ಡವೇಗವನ್ನು ಸ್ವಚಲನೆಯೊಡನೆ ಹೋಲಿಸಲು ಒಂದು ಪರಿವರ್ತನಾಂಕ ಬೇಕು. ಒಂದು ಪಾರ್ಸೆಕ್ ದೂರದಲ್ಲಿ ಒಂದು ವಿಕಲೆಯಷ್ಟು ಕಾಣುವ ಉದ್ದವೆಂದರೆ ಭೂಮಿ ಮತ್ತು ಸೂರ್ಯರ ಸರಾಸರಿ ಅಂತರ, 14.96 ಕೋಟಿ ಕಿಲೋಮೀಟರ್. ಪಾರ್ಸೆಕ್ಕಿನ ವ್ಯಾಖ್ಯೆಯೇ ಅದು. ಒಂದು ವರ್ಷದಲ್ಲಿ ಸುಮಾರು 3.156 ಕೋಟಿ ಸೆಕೆಂಡುಗಳಿವೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 4.74 ಬರುತ್ತದೆ. ಅಂದರೆ ಒಂದು ಪಾರ್ಸೆಕ್ ದೂರದಲ್ಲಿ ವರ್ಷಕ್ಕೆ ಒಂದು ವಿಕಲೆ ಸರಿಯುವ ನಕ್ಷತ್ರದ ಅಡ್ಡವೇಗ ಸೆಕೆಂಡಿಗೆ 4.74 ಕಿಲೋಮೀಟರ್. ಈ ಭಾಗಾಕಾರವನ್ನು ಮಕ್ಕಳಿಂದಲೇ ಮಾಡಿಸಬೇಕು; ಇಲ್ಲವಾದರೆ 4.74 ಎಂಬುದೂ ನಂಬಿ ಒಪ್ಪುವ ಸಂಖ್ಯೆಗಳ ಸಾಲಿಗೆ ಸೇರುತ್ತದೆ. ಈಗ ಸೂತ್ರ ಹೀಗಾಯಿತು:

ದೂರ (ಪಾರ್ಸೆಕ್‌ಗಳಲ್ಲಿ) = ದೃಷ್ಟಿರೇಖಾ ವೇಗ × ಟ್ಯಾನ್ (ಕೋನ) ÷ (4.74 × ಸ್ವಚಲನೆ)

ಹೈಯಡೀಸ್ ಗುಚ್ಛದ ನಡುಭಾಗಕ್ಕೂ ಸಂಗಮಬಿಂದುವಿಗೂ ನಡುವಿನ ಕೋನ ಸುಮಾರು 32 ಡಿಗ್ರಿ. 32 ಡಿಗ್ರಿಯ ಟ್ಯಾನ್ 0.625. ದೃಷ್ಟಿರೇಖಾ ವೇಗ 39; ಸ್ವಚಲನೆ 0.11. ಅಂಶದಲ್ಲಿ 39 × 0.625 = 24.4, ಛೇದದಲ್ಲಿ 4.74 × 0.11 = 0.521. ಭಾಗಿಸಿದರೆ 46.7 ಪಾರ್ಸೆಕ್ ಬರುತ್ತದೆ. ಒಂದು ಪಾರ್ಸೆಕ್ 3.26 ಜ್ಯೋತಿರ್ವರ್ಷವಾದುದರಿಂದ ಇದು ಸುಮಾರು 152 ಜ್ಯೋತಿರ್ವರ್ಷ.

ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ದೃಷ್ಟಿರೇಖಾ ವೇಗವನ್ನು 32 ಡಿಗ್ರಿಯ ಕೊಸೈನ್‌ನಿಂದ ಭಾಗಿಸಿದರೆ ಗುಚ್ಛದ ಪೂರ್ಣವೇಗ ಸೆಕೆಂಡಿಗೆ ಸುಮಾರು 46 ಕಿಲೋಮೀಟರ್ ಎಂದು ತಿಳಿಯುತ್ತದೆ. ಈ ವೇಗ ಎಲ್ಲ ಸದಸ್ಯರಿಗೂ ಒಂದೇ. ಆದುದರಿಂದ ಮುಂದೆ ಪ್ರತಿ ನಕ್ಷತ್ರದ ರೋಹಿತವನ್ನೂ ಅಳೆಯಬೇಕಾಗಿಲ್ಲ. ಕೋನ ಮತ್ತು ಸ್ವಚಲನೆ ಗೊತ್ತಿದ್ದರೆ ಆಯಾ ನಕ್ಷತ್ರದ ದೂರವೇ ಸಿಗುತ್ತದೆ. ಅಭ್ಯಾಸಕ್ಕೆಂದು ಎರಡು ನಕ್ಷತ್ರಗಳನ್ನು ಕಲ್ಪಿಸಿಕೊಳ್ಳಿ. ಎರಡೂ ಸಂಗಮಬಿಂದುವಿನಿಂದ 30 ಡಿಗ್ರಿ ದೂರದಲ್ಲಿವೆ. 30 ಡಿಗ್ರಿಯ ಸೈನ್ ಅರ್ಧವಾದುದರಿಂದ ಎರಡರ ಅಡ್ಡವೇಗವೂ 23. ಒಂದರ ಸ್ವಚಲನೆ 0.11, ಇನ್ನೊಂದರದು 0.10 ವಿಕಲೆ ಆಗಿದ್ದರೆ, ಮೊದಲನೆಯದು 44.1 ಪಾರ್ಸೆಕ್ ದೂರದಲ್ಲಿದೆ, ಎರಡನೆಯದು 48.5 ಪಾರ್ಸೆಕ್ ದೂರದಲ್ಲಿದೆ. ಚಪ್ಪಟೆಯಾಗಿ ಕಾಣುತ್ತಿದ್ದ ಗುಚ್ಛಕ್ಕೆ ಹೀಗೆ ಆಳ ದೊರೆಯುತ್ತದೆ.

ಏಣಿಯ ಕೆಳಗಿನ ಮೆಟ್ಟಿಲು

ನಕ್ಷತ್ರಗಳ ದೂರ ಅಳೆಯಲು ಲಂಬನವೆಂಬ ವಿಧಾನ ಇದ್ದೇ ಇತ್ತಲ್ಲ, ಈ ಸುತ್ತುದಾರಿ ಏಕೆ ಎಂಬ ಪ್ರಶ್ನೆ ಏಳಬಹುದು. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ನಕ್ಷತ್ರ ಅತ್ತಿತ್ತ ಸರಿದಂತೆ ಕಾಣುವ ಕೋನವೇ ಲಂಬನ. 1838ರಲ್ಲಿ ಬೆಸೆಲ್ ಅದನ್ನು ಮೊದಲ ಬಾರಿಗೆ ಒಂದು ನಕ್ಷತ್ರಕ್ಕೆ ನಂಬಲರ್ಹವಾಗಿ ಅಳೆದಿದ್ದ. ಆದರೆ ಹೈಯಡೀಸ್‌ನ ಲಂಬನ ಕೇವಲ 0.02 ವಿಕಲೆ, ಹಿಂದೆ ಹೇಳಿದ ನಾಣ್ಯವನ್ನು 250 ಕಿಲೋಮೀಟರ್ ಆಚೆಯಿಂದ ನೋಡಿದಂತೆ. ವಾತಾವರಣದ ಅಲುಗಾಟದ ನಡುವೆ ಅದನ್ನು ನಿಖರವಾಗಿ ಅಳೆಯುವುದು ಅಂದಿನವರಿಗೆ ಸಾಧ್ಯವಿರಲಿಲ್ಲ. ಲಂಬನದ ಸರಿತ ಆರು ತಿಂಗಳಲ್ಲಿ ಹಿಂದಿರುಗುತ್ತದೆ. ಸ್ವಚಲನೆಯಾದರೋ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ. ಕಾಲವೇ ಇಲ್ಲಿ ಖಗೋಳಜ್ಞನಿಗೆ ನೆರವಾಯಿತು.

ಹೈಯಡೀಸ್‌ನ ದೂರ ತಿಳಿದರೆ ಅದರ ಪ್ರತಿಯೊಂದು ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ. ಕೃತ್ತಿಕೆಯಂತಹ ದೂರದ ಗುಚ್ಛದಲ್ಲಿ ಅದೇ ಬಣ್ಣದ, ಅದೇ ಬಗೆಯ ನಕ್ಷತ್ರಗಳು ಎಷ್ಟು ಮಂಕಾಗಿ ಕಾಣುತ್ತವೆ ಎಂಬುದರಿಂದ ಆ ಗುಚ್ಛದ ದೂರ ಸಿಗುತ್ತದೆ. ಅಂತಹ ಗುಚ್ಛಗಳಲ್ಲಿ ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳು ಅಲ್ಲಲ್ಲಿ ಇವೆ. ಅವುಗಳ ಮಿಡಿತದ ಅವಧಿಗೂ ಪ್ರಕಾಶಕ್ಕೂ ಇರುವ ಸಂಬಂಧವನ್ನು ಹೆನ್ರಿಯೆಟಾ ಲೆವಿಟ್ 1912ರಲ್ಲಿ ಸ್ಪಷ್ಟಪಡಿಸಿದಳು. ಸೆಫೀಡ್‌ಗಳ ಮೂಲಕ ಬೇರೆ ಗೆಲಾಕ್ಸಿಗಳ ದೂರ ತಿಳಿಯುತ್ತದೆ. ಇದೊಂದು ಏಣಿ. ಅದರ ಕೆಳಗಿನ ಮೆಟ್ಟಿಲುಗಳಲ್ಲಿ ಒಂದು ಹೈಯಡೀಸ್.

ಕೆಳಗಿನ ಮೆಟ್ಟಿಲು ತಪ್ಪಿದರೆ ಆಗುವುದೇನು? ಬಾಸ್‌ನ ಕಾಲದಿಂದ 1950ರ ದಶಕದವರೆಗೂ ಹೈಯಡೀಸ್‌ನ ದೂರವನ್ನು ಸುಮಾರು 40 ಪಾರ್ಸೆಕ್ ಎಂದು ಎಣಿಸಲಾಗಿತ್ತು. 1960ರ ದಶಕದಲ್ಲಿ ಈ ಸಂಖ್ಯೆಯ ಬಗ್ಗೆ ಸಂದೇಹ ಎದ್ದಿತು. ಕ್ರಮೇಣ ಅದು 46ರ ಕಡೆಗೆ ಸರಿಯಿತು. 40ರ ಬದಲು 46 ಎಂದಾಗ ದೂರ ನೂರಕ್ಕೆ 15ರಷ್ಟು ಹೆಚ್ಚಿತು. ಪ್ರಕಾಶ ದೂರದ ವರ್ಗಕ್ಕೆ ಅನುಗುಣವಾದುದರಿಂದ ಆ ನಕ್ಷತ್ರಗಳ ನಿಜವಾದ ಪ್ರಕಾಶ ಸುಮಾರು ಮೂರನೆಯ ಒಂದು ಭಾಗದಷ್ಟು ಏರಿತು. ಅದನ್ನೇ ನಂಬಿ ಅಳೆದ ದೂರದ ಗುಚ್ಛಗಳನ್ನೂ ಹೊಸದಾಗಿ ಲೆಕ್ಕಹಾಕಬೇಕಾಯಿತು.

ವಿಧಾನದ ಜ್ಯಾಮಿತಿಯಲ್ಲಿ ದೋಷವಿರಲಿಲ್ಲ, ತೊಡಕಿದ್ದುದು ಅಳತೆಯಲ್ಲಿ. ಹಳೆಯ ನಕ್ಷತ್ರಪಟ್ಟಿಗಳ ಸ್ವಚಲನೆಗಳಲ್ಲಿ ಸಣ್ಣ, ಆದರೆ ಒಂದೇ ದಿಕ್ಕಿಗೆ ವಾಲುವ ದೋಷಗಳಿದ್ದರೆ ಸಂಗಮಬಿಂದುವೇ ಸ್ಥಳಾಂತರಗೊಳ್ಳುತ್ತದೆ. ಅದರ ಪರಿಣಾಮವನ್ನು ಮಕ್ಕಳು ತಾವೇ ಪರೀಕ್ಷಿಸಬಹುದು. ಮೇಲಿನ ಲೆಕ್ಕದಲ್ಲಿ 32 ಡಿಗ್ರಿಯ ಬದಲು 31 ಎಂದಿಟ್ಟರೆ ದೂರ 44.9 ಪಾರ್ಸೆಕ್, 33 ಎಂದಿಟ್ಟರೆ 48.6. ಒಂದು ಡಿಗ್ರಿಯ ತಪ್ಪಿಗೆ ದೂರದಲ್ಲಿ ನೂರಕ್ಕೆ 4ರಷ್ಟು ತಪ್ಪು. ಉತ್ತರದ ಜೊತೆಗೆ ಉತ್ತರದ ಅನಿಶ್ಚಿತತೆಯನ್ನೂ ಹೇಳುವುದು ವಿಜ್ಞಾನದ ಶಿಸ್ತು ಎಂಬುದನ್ನು ಕಲಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ಅಪರೂಪ.

ಕೊನೆಗೆ ಬೇರೊಂದು ದಾರಿಯಿಂದ ತಾಳೆ ನೋಡುವ ಅವಕಾಶ ಬಂದಿತು. ಯೂರೋಪಿನ ಬಾಹ್ಯಾಕಾಶ ಸಂಸ್ಥೆಯ ಹಿಪ್ಪಾರ್ಕಸ್ ಉಪಗ್ರಹ 1989ರಿಂದ 1993ರವರೆಗೆ ವಾತಾವರಣದ ಆಚೆಯಿಂದ ಲಂಬನಗಳನ್ನು ಅಳೆಯಿತು. 1998ರಲ್ಲಿ ಪ್ರಕಟವಾದ ಅಧ್ಯಯನದಂತೆ ಹೈಯಡೀಸ್‌ನ ದೂರ 46.3 ಪಾರ್ಸೆಕ್. 2013ರಲ್ಲಿ ಹಾರಿಸಿದ ಗಾಯಾ ಉಪಗ್ರಹದ ಅಳತೆಗಳು ಅದನ್ನು 47ರ ಆಸುಪಾಸಿಗೆ ತಂದಿವೆ. ಕಪ್ಪುಹಲಗೆಯ ಮೇಲೆ ನಾವು ಪಡೆದ 46.7ನ್ನು ಇದರೊಡನೆ ಹೋಲಿಸಿ ನೋಡಿ.

ವಿಧಾನದ ವ್ಯಾಪ್ತಿ

ಗುಚ್ಛವು ಆಕಾಶದಲ್ಲಿ ಸಾಕಷ್ಟು ವಿಶಾಲವಾಗಿ ಹರಡಿದ್ದರೆ ಮಾತ್ರ ಬಾಣಗಳು ಒಂದೆಡೆ ಕೂಡುವುದು ಸ್ಪಷ್ಟವಾಗುತ್ತದೆ. ಕೃತ್ತಿಕೆಯಂತೆ ಚಿಕ್ಕದಾಗಿ ಕಾಣುವ ಗುಚ್ಛದಲ್ಲಿ ಬಾಣಗಳು ಹೆಚ್ಚುಕಡಿಮೆ ಸಮಾಂತರವಾಗಿಯೇ ಕಾಣುವುದರಿಂದ ಸಂಗಮಬಿಂದುವನ್ನು ಗುರುತಿಸುವುದು ಕಷ್ಟ. ಗುಚ್ಛವು ಹಿಗ್ಗುತ್ತಿದ್ದರೆ ಅಥವಾ ತಿರುಗುತ್ತಿದ್ದರೆ ಕೂಡ ಲೆಕ್ಕ ತಪ್ಪುತ್ತದೆ. ಹತ್ತಿರದ ಬಂಧುಗಳಿಗೆ ಇದು ಒಪ್ಪುವ ವಿಧಾನ. ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳಲ್ಲಿ ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ ಎಂಬ ನಡುವಿನ ಐದು ಒಟ್ಟಿಗೆ ಸಾಗುತ್ತಿವೆ ಎಂಬುದನ್ನು 1869ರಲ್ಲಿಯೇ ರಿಚರ್ಡ್ ಪ್ರಾಕ್ಟರ್ ಗುರುತಿಸಿದ್ದ. ಅವು ಸುಮಾರು 80 ಜ್ಯೋತಿರ್ವರ್ಷ ದೂರದಲ್ಲಿವೆ. ಎರಡು ತುದಿಗಳ ಕ್ರತು ಮತ್ತು ಮರೀಚಿ ಆ ಕುಟುಂಬದವರಲ್ಲ.

ಬಹುದೂರದ ಗೋಳಾಕಾರದ ಗುಚ್ಛಗಳಿಗೆ ಇದರದೇ ಇನ್ನೊಂದು ರೂಪವಿದೆ. ಬೇಸಗೆಯ ರಾತ್ರಿಗಳಲ್ಲಿ ನಮ್ಮ ದಕ್ಷಿಣದ ಆಕಾಶದಲ್ಲಿ ಕಾಣುವ ಒಮೆಗಾ ಸೆಂಟಾರಿಯಂತಹ ಗುಚ್ಛದಲ್ಲಿ ಲಕ್ಷಾಂತರ ನಕ್ಷತ್ರಗಳು ಜೇನುಹುಳುಗಳಂತೆ ಎಲ್ಲ ದಿಕ್ಕುಗಳಿಗೂ ಚಲಿಸುತ್ತಿರುತ್ತವೆ. ಎಲ್ಲ ದಿಕ್ಕುಗಳಲ್ಲೂ ವೇಗಗಳ ಹರವು ಸಮವೆಂದು ಭಾವಿಸಿದರೆ, ರೋಹಿತದಿಂದ ಕಿಲೋಮೀಟರಿನಲ್ಲಿ ದೊರೆತ ಹರವನ್ನು ಸ್ವಚಲನೆಯ ಕೋನೀಯ ಹರವಿನೊಡನೆ ಹೋಲಿಸಿ ದೂರ ಪಡೆಯಬಹುದು. ಅಲ್ಲಿಯೂ ಬರುವುದು ಅದೇ 4.74.

ತರಗತಿಯಲ್ಲಿ

ಈ ಪಾಠಕ್ಕೆ ಎರಡು ಅವಧಿ ಸಾಕು. ಮೊದಲ ಅವಧಿಯಲ್ಲಿ ಗ್ರಾಫ್ ಹಾಳೆಯ ಬಲ ಅಂಚಿನಲ್ಲಿ ಒಂದು ಬಿಂದುವನ್ನು ಅಧ್ಯಾಪಕರು ಗುಟ್ಟಾಗಿ ಆರಿಸಿ, ಎಡಭಾಗದಲ್ಲಿ ಎಂಟು ಹತ್ತು ಚುಕ್ಕೆಗಳನ್ನಿಟ್ಟು, ಪ್ರತಿಯೊಂದರಿಂದಲೂ ಆ ಬಿಂದುವಿನ ಕಡೆಗೆ ಚಿಕ್ಕ ಬಾಣ ಬರೆದುಕೊಡಲಿ. ಒಂದು ಬಾಣ ಮಾತ್ರ ಬೇರೆ ದಿಕ್ಕಿನದಾಗಿರಲಿ. ಬಾಣಗಳನ್ನು ಮುಂದುವರಿಸಿ ಸಂಗಮಬಿಂದುವನ್ನೂ ಪರಕೀಯ ನಕ್ಷತ್ರವನ್ನೂ ಮಕ್ಕಳೇ ಕಂಡುಹಿಡಿಯಲಿ. ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡದೆ ತುಸು ಚದುರಿದರೆ ಅದನ್ನು ಅಳಿಸಿ ತಿದ್ದಿಸಬಾರದು. ಆ ಚದುರುವಿಕೆಯೇ ಅಳತೆಯ ಅನಿಶ್ಚಿತತೆ. ಎರಡನೆಯ ಅವಧಿಯಲ್ಲಿ ಮೇಲೆ ತೋರಿಸಿದ ಲೆಕ್ಕಗಳನ್ನು ಮಾಡಿಸಬಹುದು.

ಪದಗಳ ಕುರಿತು ಒಂದು ಮಾತು. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮುಂದೆ ಇಂಗ್ಲಿಷಿನಲ್ಲಿ ವಿಜ್ಞಾನವನ್ನು ಓದುತ್ತಾರೆ. ಲಂಬನವನ್ನು ಪ್ಯಾರಲ್ಯಾಕ್ಸ್ ಎಂದೂ, ಸ್ವಚಲನೆಯನ್ನು ಪ್ರಾಪರ್ ಮೋಷನ್ ಎಂದೂ, ದೃಷ್ಟಿರೇಖಾ ವೇಗವನ್ನು ರೇಡಿಯಲ್ ವೆಲಾಸಿಟಿ ಎಂದೂ ಜೊತೆಯಲ್ಲಿಯೇ ಪರಿಚಯಿಸಬೇಕು. ಪದ ಮುಂದೆ ಬದಲಾದರೂ ಚಿಂತೆಯಿಲ್ಲ. ಅರ್ಥವು ಮನೆಮಾತಿನಲ್ಲಿ ಒಮ್ಮೆ ಗಟ್ಟಿಯಾಗಿ ನೆಲೆಸಿದರೆ ಹೊಸ ಪದ ತಾನಾಗಿಯೇ ಅದಕ್ಕೆ ಅಂಟಿಕೊಳ್ಳುತ್ತದೆ.

ಅನುರೂಪ ಕೋನಗಳು, ಲಂಬಕೋನ ತ್ರಿಭುಜ, ಒಂದು ಭಾಗಾಕಾರ: ಇಷ್ಟೇ ಈ ಅಳತೆಯ ಸಾಮಗ್ರಿ. ಉಳಿದುದೆಲ್ಲ ಒಂದು ತಲೆಮಾರು ಎಚ್ಚರದಿಂದ ಬರೆದಿಟ್ಟುದನ್ನು ಇನ್ನೊಂದು ತಲೆಮಾರು ಎಚ್ಚರದಿಂದ ಓದಿದುದರ ಫಲ. ತಮ್ಮ ಶಾಲೆಯ ಮಕ್ಕಳು ಇದನ್ನು ತಾವೇ ಲೆಕ್ಕಹಾಕಿ, ಜನವರಿಯ ಒಂದು ರಾತ್ರಿ ರೋಹಿಣಿಯ ಸುತ್ತಲಿನ ನಕ್ಷತ್ರಗಳನ್ನು ಮನೆಯವರಿಗೆ ತೋರಿಸಿ ಅವುಗಳ ದೂರ ಇಷ್ಟು, ಅದು ಹೀಗೆ ತಿಳಿಯಿತು ಎಂದು ವಿವರಿಸುವಂತಾಗಲಿ ಎಂದು ಹಾರೈಸುತ್ತೇನೆ.